ಡೇರೆಯಲ್ಲಿ ಒಂದು ರಾತ್ರಿ: ಮನೆಮಂದಿಗೆಲ್ಲ ಒಗ್ಗುವ ಬೇಸಿಗೆ ಕ್ಯಾಂಪ್ ಆರಿಸುವುದು ಹೇಗೆ?



ಪರೀಕ್ಷೆ ಮುಗಿಯಿತು, ಮಾವಿನಹಣ್ಣು ಬಂತು, ಮಕ್ಕಳು ದಿನವಿಡೀ ಮನೆಯಲ್ಲೇ. ಮತ್ಸ್ಯಗಂಧದಲ್ಲಿ ಸೀಟು ಸಿಕ್ಕವರು ಊರು ಸೇರಿಯಾಯಿತು. ಟಿಕೆಟ್ ಸಿಗದವರಿಗೆ, ಆಫೀಸಿನಲ್ಲಿ ರಜೆ ಸಿಗದವರಿಗೆ, ಹೋಟೆಲ್ ಗಲ್ಲಾ ಬಿಟ್ಟು ನಾಲ್ಕು ದಿನ ಹೊರಗಿರಲಾಗದವರಿಗೆ ಉಳಿಯುವುದು ಶನಿವಾರ ಮತ್ತು ಭಾನುವಾರ ಮಾತ್ರ. ಆ ಎರಡು ದಿನದಲ್ಲಿ ಮಕ್ಕಳಿಗೆ ನಾಲ್ಕು ನಕ್ಷತ್ರ ತೋರಿಸೋಣ, ಫ್ಲಾಟಿನ ಗೋಡೆ ದಾಟಿ ಒಂದು ರಾತ್ರಿ ಕಳೆಯೋಣ ಎಂಬ ಆಸೆ ಯಾರಿಗಿಲ್ಲ? ಸಹ್ಯಾದ್ರಿ ನಮಗೆ ಎರಡು ಮೂರು ಗಂಟೆಯ ದೂರದಲ್ಲೇ ಇದೆ. ಕೆರೆಯಂಚಿನಲ್ಲಿ, ಹೊಳೆಯ ಪಕ್ಕದಲ್ಲಿ, ಕಡಲ ದಂಡೆಯಲ್ಲಿ ಡೇರೆ ಹಾಕಿಕೊಡುವವರು ಈಗ ಸಾಲುಸಾಲಾಗಿ ಇದ್ದಾರೆ.

ಹಾಗಾದರೆ ಯಾವುದನ್ನು ಆರಿಸುವುದು? ಹೆಚ್ಚಿನವರು ಚಿತ್ರ ನೋಡಿ ಆರಿಸುತ್ತಾರೆ. ಚಿತ್ರದಲ್ಲಿ ಯಾವಾಗಲೂ ಸಂಜೆ ಆರು ಗಂಟೆ. ನೀರಿನ ಮೇಲೆ ಹೊಂಬಿಸಿಲು, ಸಾಲಾಗಿ ಬಣ್ಣದ ಡೇರೆಗಳು, ತೂಗುವ ದೀಪಗಳು. ಮಧ್ಯಾಹ್ನ ಎರಡು ಗಂಟೆಗೆ ಆ ಜಾಗದಲ್ಲಿ ನೆರಳಿದೆಯೇ, ರಾತ್ರಿ ಎರಡು ಗಂಟೆಗೆ ಅಜ್ಜಿ ಶೌಚಾಲಯಕ್ಕೆ ಹೇಗೆ ಹೋಗುತ್ತಾರೆ, ಮಗುವಿಗೆ ಏನಾದರೂ ಆದರೆ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಚಿತ್ರ ಹೇಳುವುದಿಲ್ಲ. ಕ್ಯಾಂಪನ್ನು ಅದರ ಸಂಜೆ ನೋಡಿ ಆರಿಸಬಾರದು, ಅದರ ಮಧ್ಯಾಹ್ನ ಮತ್ತು ರಾತ್ರಿಯನ್ನು ವಿಚಾರಿಸಿ ಆರಿಸಬೇಕು. ಈ ಲೇಖನದ ಸಾರ ಇಷ್ಟೇ. ಅದನ್ನು ಹೇಗೆ ವಿಚಾರಿಸುವುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಮನೆಯವರನ್ನು ಎಣಿಸಿ

ಜಾಗದ ಹೆಸರು ಹುಡುಕುವ ಮೊದಲು ಹೊರಡುವವರ ಪಟ್ಟಿ ಮಾಡಿ. ಅದರಲ್ಲಿ ಅತಿ ಚಿಕ್ಕವರು ಯಾರು, ಅತಿ ಹಿರಿಯರು ಯಾರು? ಕ್ಯಾಂಪ್ ಒಗ್ಗಬೇಕಾದದ್ದು ಆ ಇಬ್ಬರಿಗೆ. ಅವರಿಗೆ ಒಗ್ಗಿದರೆ ನಡುವಿನವರಿಗೆಲ್ಲ ಒಗ್ಗಿದಂತೆಯೇ.

ಮೂರು ವರ್ಷದೊಳಗಿನ ಮಗುವಿದ್ದರೆ ಬಿಸಿಲು ಮತ್ತು ನೀರು ದೊಡ್ಡ ಚಿಂತೆ. ಮಂಡಿನೋವಿನ ಅಜ್ಜಿ ಇದ್ದರೆ ನೆಲದ ಮೇಲೆ ಕೂತು ಏಳುವುದೇ ಕಷ್ಟ, ಆದ್ದರಿಂದ ಮಂಚವಿರುವ ಡೇರೆ ಅಥವಾ ಪಕ್ಕದಲ್ಲೇ ಒಂದು ಕೋಣೆ ಬೇಕು. ಸಕ್ಕರೆ ಕಾಯಿಲೆಯವರಿದ್ದರೆ ಊಟದ ಹೊತ್ತು ಮುಖ್ಯ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ತಂಪಾಗಿಡುವ ವ್ಯವಸ್ಥೆಯೂ ಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಆಡಲು ಜಾಗ ಬೇಕು. ಹದಿಹರೆಯದವರಿಗೆ ಸ್ವಲ್ಪ ಸಾಹಸ ಬೇಕು. ಎಲ್ಲರ ಆಸೆಯೂ ಒಂದೇ ಜಾಗದಲ್ಲಿ ಪೂರೈಸುವುದಿಲ್ಲ. ಸಾಹಸ ಕಡಿಮೆಯಾದರೂ ಪರವಾಗಿಲ್ಲ, ನಿದ್ದೆ ಮತ್ತು ಸುರಕ್ಷತೆ ಕಡಿಮೆಯಾಗಬಾರದು.

ತಂಪು ಎಲ್ಲಿದೆ, ಎಲ್ಲಿಲ್ಲ?

‘ಊರ ಹೊರಗೆ ಹೋದರೆ ತಂಪು’ ಎಂಬುದು ನಮ್ಮೆಲ್ಲರ ನಂಬಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಅರ್ಧ ಮಾತ್ರ ನಿಜ. ಮುಂಬಯಿಯಲ್ಲಿ ಬೆವರು ಹೆಚ್ಚು, ಆದರೆ ಕಡಲ ಗಾಳಿ ಇರುವುದರಿಂದ ಬಿಸಿಲಿನ ತಾಪ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಕಡಲಿನಿಂದ ಒಳಗೆ, ಘಟ್ಟದ ಬುಡದಲ್ಲಿರುವ ಕರ್ಜತ್, ಕೋಲಾಡ್ ಕಡೆ ಆ ಗಾಳಿ ಸರಿಯಾಗಿ ತಲುಪುವುದಿಲ್ಲ. ಬಾಣಲೆಯಂಥ ತಗ್ಗಿನಲ್ಲಿ ಬಿಸಿ ನಿಂತುಬಿಡುತ್ತದೆ. ರಾಯಗಡ ಜಿಲ್ಲೆಯ ಭಿರಾದಲ್ಲಿ 2017ರ ಮಾರ್ಚ್ ಕೊನೆಗೆ 46 ಡಿಗ್ರಿ ಸೆಲ್ಸಿಯಸ್ ದಾಟಿದ ತಾಪಮಾನ ದಾಖಲಾಗಿ ದೇಶವೆಲ್ಲ ಅಚ್ಚರಿಪಟ್ಟಿತ್ತು. ಕೋಲಾಡಿನ ಕ್ಯಾಂಪುಗಳು ಇದೇ ಸೀಮೆಯವು.

ಘಟ್ಟ ಹತ್ತಿದರೆ ಲೆಕ್ಕ ಬದಲಾಗುತ್ತದೆ. ಸಾವಿರ ಮೀಟರು ಏರಿದರೆ ಸುಮಾರು ಆರು ಡಿಗ್ರಿ ತಂಪು ಎಂಬುದು ಒಂದು ಅಂದಾಜು. ಲೋಣಾವಳಾ ಸುಮಾರು 600 ಮೀಟರು, ಭಂಡಾರದರಾ ಸುಮಾರು 750, ಮಾಥೇರಾನ್ ಸುಮಾರು 800 ಮೀಟರು ಎತ್ತರದಲ್ಲಿವೆ. ಅಲ್ಲಿ ರಾತ್ರಿ ನಿಜಕ್ಕೂ ಹಿತ. ಆದರೆ ಘಟ್ಟದ ಮೇಲಿನ ಬಯಲಿನಲ್ಲಿ ಮೇ ತಿಂಗಳ ಮಧ್ಯಾಹ್ನ ಮುಂಬಯಿಗಿಂತ ಹೆಚ್ಚೇ ಸುಡಬಹುದು. ರಾತ್ರಿಯ ತಂಪಿನ ಆಸೆಗೆ ಮಧ್ಯಾಹ್ನವನ್ನು ಮರೆಯಬಾರದು.

ಬಿಸಿಲು ಬರೀ ಬೆವರಿನ ವಿಷಯವಲ್ಲ. 2023ರ ಏಪ್ರಿಲ್ 16ರಂದು ನಮ್ಮ ಪಕ್ಕದ ಖಾರ್ಘರ್‌ನಲ್ಲಿ ತೆರೆದ ಮೈದಾನದಲ್ಲಿ ನಡೆದ ‘ಮಹಾರಾಷ್ಟ್ರ ಭೂಷಣ’ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿನಲ್ಲಿ ಕುಳಿತಿದ್ದವರ ಪೈಕಿ 14 ಮಂದಿ ತೀರಿಕೊಂಡರು. ಗಂಟೆಗಟ್ಟಲೆ ನೆರಳಿಲ್ಲದೆ ಕೂರುವುದು ಎಷ್ಟು ಅಪಾಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಕೇಳಬೇಕಾದ ಪ್ರಶ್ನೆ: ‘ಮರದ ನೆರಳಿದೆಯೇ?’ ಕೆರೆಯಂಚಿನ ಅನೇಕ ಕ್ಯಾಂಪುಗಳಲ್ಲಿ ನೀರು ಹಿಂದೆ ಸರಿದ ಬೋಳು ನೆಲದ ಮೇಲೆ ಡೇರೆ ಹಾಕುತ್ತಾರೆ. ನೋಟ ಚೆಂದ, ನೆರಳು ಸೊನ್ನೆ. ನೈಲಾನ್ ಡೇರೆಯೊಳಗೆ ಹಗಲಿನಲ್ಲಿ ಹೊರಗಿಗಿಂತ ಹೆಚ್ಚು ಸೆಕೆ. ಮಾವು, ನೇರಳೆ, ಹಲಸಿನ ಮರಗಳಿರುವ ತೋಟ, ಅಥವಾ ನಾಲ್ಕೂ ಕಡೆ ಗಾಳಿಯಾಡುವ ಹೆಂಚಿನ ಚಪ್ಪರ ಇರುವ ಜಾಗ ಮೇಲು.

ಹೊತ್ತಿನ ಲೆಕ್ಕವನ್ನೂ ನೋಡಿ. ಹೆಚ್ಚಿನ ಕ್ಯಾಂಪುಗಳಲ್ಲಿ ಸಂಜೆ ನಾಲ್ಕರ ಸುಮಾರಿಗೆ ಒಳಗೆ ಬಿಟ್ಟು ಮರುದಿನ ಹತ್ತು ಹನ್ನೊಂದಕ್ಕೆ ಕಳಿಸುತ್ತಾರೆ. ಬೇಸಿಗೆಗೆ ಇದು ಒಳ್ಳೆಯದೇ. ಮುಂಜಾನೆ ಹೊರಟು ಹನ್ನೆರಡಕ್ಕೇ ತಲುಪಿ ಬಿಸಿಲಿನಲ್ಲಿ ಕಾಯುವ ಬದಲು, ಮನೆಯಲ್ಲೇ ಊಟ ಮುಗಿಸಿ, ದಾರಿಯ ದಟ್ಟಣೆಗೆ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ. ಶನಿವಾರ ಬೆಳಿಗ್ಗೆ ಖಂಡಾಲಾ ಘಟ್ಟದಲ್ಲಿ ವಾಹನಗಳ ಸಾಲು ಎಷ್ಟುದ್ದ ಎಂಬುದು ಮುಂಬಯಿಯವರಿಗೆ ಹೇಳಬೇಕಿಲ್ಲ.

ನೀರು: ನೋಡಲು ಹತ್ತಿರ, ಮಕ್ಕಳಿಗೆ ದೂರ

ಬೇಸಿಗೆಯಲ್ಲಿ ಎಲ್ಲರೂ ಹುಡುಕುವುದು ನೀರಿರುವ ಜಾಗವನ್ನೇ. ಮನೆಮಂದಿಯ ಪ್ರವಾಸಗಳು ದುಃಖದಲ್ಲಿ ಮುಗಿಯುವುದೂ ಹೆಚ್ಚಾಗಿ ನೀರಿನಲ್ಲೇ. ಹಾಗಾಗಿ ಈ ಭಾಗವನ್ನು ಸಾವಧಾನವಾಗಿ ಓದಿ.

ಜಲಾಶಯ: ಪವನಾ, ಭಂಡಾರದರಾ ನೈಸರ್ಗಿಕ ಕೆರೆಗಳಲ್ಲ. ಕಣಿವೆಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. ಊರಿನ ಕೆರೆಯ ಹಾಗೆ ದಡದಿಂದ ಮೆಲ್ಲಗೆ ಆಳವಾಗುವುದಿಲ್ಲ. ನೀರಿನ ಕೆಳಗಿರುವುದು ಗುಡ್ಡದ ಇಳಿಜಾರು, ಹಳೆಯ ಗದ್ದೆಯ ಬದು, ಹಳ್ಳ. ಮೊಣಕಾಲುದ್ದ ನೀರಿನಲ್ಲಿದ್ದ ಮಗು ಒಂದು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಕೆಸರು ಉಳಿಯುತ್ತದೆ, ಅದರಲ್ಲಿ ಕಾಲು ಹೂತರೆ ಈಜು ಬಲ್ಲವರಿಗೂ ಕಷ್ಟ.

ಹೊಳೆ: ಕೋಲಾಡಿನ ಕುಂಡಲಿಕಾ ಹೊಳೆಯಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯಲು ಕಾರಣ ಮಳೆಯಲ್ಲ. ಮೇಲಿನ ಜಲವಿದ್ಯುತ್ ಯೋಜನೆಯಿಂದ ಬಿಡುವ ನೀರು. ಬೆಳಿಗ್ಗೆ ನೀರು ಬಿಟ್ಟಾಗ ಹೊಳೆ ತುಂಬುತ್ತದೆ, ನಿಲ್ಲಿಸಿದ ಮೇಲೆ ಬಂಡೆ ಕಾಣುತ್ತದೆ. ಆಕಾಶ ನಿಚ್ಚಳವಾಗಿದ್ದರೂ ಹೊಳೆ ಏರಬಹುದು ಎಂಬುದು ಇದರರ್ಥ. ಬಂಡೆಯ ಮೇಲೆ ಮಕ್ಕಳನ್ನು ಆಡಲು ಬಿಡುವ ಮೊದಲು ನೀರು ಬಿಡುವ ಹೊತ್ತನ್ನು ಸ್ಥಳೀಯರಲ್ಲಿ ಕೇಳಿ. ರಾಫ್ಟಿಂಗಿಗೆ ಸಾಮಾನ್ಯವಾಗಿ 14 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳುವುದಿಲ್ಲ. ‘ಪರವಾಗಿಲ್ಲ, ಕೂರಿಸಿ’ ಎನ್ನುವವರಿದ್ದರೆ ಅವರಿಂದ ದೂರವಿರಿ.

ಕಡಲು: ಕಾಶಿದ್, ಮುರುಡ್ ಕಡೆಯ ಮರಳು ಬೆಳ್ಳಗೆ, ಅಲೆ ಸುಂದರ. ಆದರೆ ದಡಕ್ಕೆ ಬಡಿದ ನೀರು ವಾಪಸು ಹೋಗುವಾಗ ಕೆಲವು ಕಡೆ ಹೊಳೆಯಂತೆ ರಭಸದಿಂದ ಒಳಗೆಳೆಯುತ್ತದೆ. 2016ರ ಫೆಬ್ರವರಿ 1ರಂದು ಮುರುಡಿನಲ್ಲಿ ಪ್ರವಾಸಕ್ಕೆ ಬಂದಿದ್ದ ಪುಣೆಯ ಕಾಲೇಜು ವಿದ್ಯಾರ್ಥಿಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಹೀಗೆ ಕೊಚ್ಚಿಹೋದರು. ಆಗ ಮಳೆಗಾಲವಿರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಅಂಥ ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರವಾಗಿ ಸೆಣಸಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು.

ಜಲಪಾತ: ಮೇ ತಿಂಗಳಲ್ಲಿ ಒಣಗಿರುವ ಹಳ್ಳಗಳು ಜೂನಿನಲ್ಲಿ ಒಮ್ಮೆಲೆ ಬರುತ್ತವೆ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ನೋಡನೋಡುತ್ತಿದ್ದಂತೆ ಕೊಚ್ಚಿಹೋದದ್ದನ್ನು ಯಾರೂ ಮರೆತಿರಲಾರರು. ಅವರು ನಿಂತಿದ್ದದ್ದು ಕಾಲು ನೆನೆಸುವಷ್ಟು ನೀರಿನಲ್ಲೇ. ನೀರು ಏರಿದ್ದು ನಿಮಿಷಗಳಲ್ಲಿ.

ಹಾಗಾದರೆ ನೀರಿನ ಹತ್ತಿರ ಹೋಗಲೇಬಾರದೇ? ಹೋಗಿ, ನೋಡಿ. ಆದರೆ ಚಿಕ್ಕ ಮಕ್ಕಳಿರುವವರು ಡೇರೆಯನ್ನು ನೀರಿನಿಂದ ಕನಿಷ್ಠ ನೂರು ಹೆಜ್ಜೆ ಹಿಂದೆ, ಎತ್ತರದ ಮೇಲೆ ಕೇಳಿ ಪಡೆಯಿರಿ. ನಡುವೆ ಬೇಲಿ ಇದ್ದರೆ ಇನ್ನೂ ಒಳ್ಳೆಯದು. ದೋಣಿ ಹತ್ತುವುದಾದರೆ ಎಲ್ಲರಿಗೂ ಲೈಫ್ ಜಾಕೆಟ್ ಬೇಕು, ಮಗುವಿಗೆ ಮಗುವಿನ ಅಳತೆಯದೇ ಬೇಕು. ದೊಡ್ಡವರ ಜಾಕೆಟ್ ಮಗುವಿನ ತಲೆಯಿಂದ ಜಾರಿ ಮೇಲೆ ಬರುತ್ತದೆ. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಅರ್ಧ ಗಂಟೆಗೊಬ್ಬರಂತೆ ಹೆಸರು ಹೇಳಿ ಕಾವಲು ಹಂಚಿಕೊಳ್ಳಿ. ಕಾವಲಿನಲ್ಲಿರುವವರ ಕೈಯಲ್ಲಿ ಫೋನು ಬೇಡ.

ರಾತ್ರಿಯನ್ನು ವಿಚಾರಿಸಿ

ಶೌಚಾಲಯ: ಇದನ್ನು ಕೇಳಲು ಸಂಕೋಚ ಬೇಡ. ಎಷ್ಟು ಡೇರೆಗೆ ಎಷ್ಟು ಶೌಚಾಲಯ, ಹೆಂಗಸರಿಗೆ ಬೇರೆ ಇದೆಯೇ, ಕಮೋಡ್ ಇದೆಯೇ, ಒಳಗೆ ಚಿಲಕ ಮತ್ತು ದೀಪ ಇವೆಯೇ, ಬೇಸಿಗೆಯಲ್ಲಿ ನೀರು ನಲ್ಲಿಯಲ್ಲಿ ಬರುತ್ತದೆಯೇ ಅಥವಾ ಟ್ಯಾಂಕರ್ ತರಿಸುತ್ತಾರೆಯೇ? ಮೇ ತಿಂಗಳಲ್ಲಿ ಘಟ್ಟದ ಹಳ್ಳಿಗಳಲ್ಲಿ ನೀರಿಗೆ ತತ್ವಾರ. ಡೇರೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ದೀಪ ಇರಬೇಕು. ಇಷ್ಟಕ್ಕೆ ಸರಿಯಾದ ಉತ್ತರ ಕೊಡದ ಜಾಗ ಉಳಿದ ವಿಷಯಗಳಲ್ಲೂ ಹಾಗೇ ಇರುತ್ತದೆ.

ಚೇಳು: ಕೊಂಕಣದ ಕೆಂಪು ಚೇಳು ಬೇಸಿಗೆಯಲ್ಲಿ, ಮಳೆಗೆ ಮುಂಚೆ ಹೆಚ್ಚು ಓಡಾಡುತ್ತದೆ. ಒಂದು ಕಾಲದಲ್ಲಿ ಇದರ ಕುಟುಕಿನಿಂದ ತೀವ್ರ ಸ್ಥಿತಿಗೆ ಹೋದವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಸಾವು ಬಹಳ ಇತ್ತು. ರಾಯಗಡ ಜಿಲ್ಲೆಯ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಈ ವಿಷದ ಪರಿಣಾಮವನ್ನು ತಡೆಯುತ್ತದೆಂದು ತೋರಿಸಿದರು. ಹಳ್ಳಿಯ ಆಸ್ಪತ್ರೆಯ ಈ ಕೆಲಸವನ್ನು ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಸರಕಾರ 2022ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು. ಬೇಗ ಚಿಕಿತ್ಸೆ ಸಿಕ್ಕರೆ ಇಂದು ಬಹುತೇಕ ಎಲ್ಲರೂ ಉಳಿಯುತ್ತಾರೆ. ಕುಟುಕಿದ ಮೇಲೆ ಮಗು ಬೆವರಿದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ಮಾತ್ರೆಯನ್ನು ನೀವೇ ಕೊಡಬೇಡಿ, ಅದು ವೈದ್ಯರ ಕೆಲಸ.

ಹಾವು: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಇಲ್ಲಿಯವರು ‘ಫುರ್ಸೆ’ ಎನ್ನುವ ಗರಗಸ ಮಂಡಲ, ಈ ನಾಲ್ಕೂ ಈ ಸೀಮೆಯಲ್ಲಿವೆ. ಕಟ್ಟುಹಾವು ರಾತ್ರಿ ಓಡಾಡುವಂಥದು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಕಚ್ಚಿದ್ದು ಗೊತ್ತೂ ಆಗದಷ್ಟು ನೋವು ಕಡಿಮೆ. ಆದ್ದರಿಂದ ಮಂಚ, ಅಥವಾ ತಳವೂ ಹೊಲಿದು ಪೂರ್ತಿ ಜಿಪ್ ಹಾಕುವ ಡೇರೆ, ಅಥವಾ ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ, ಇವುಗಳಲ್ಲಿ ಒಂದಾದರೂ ಇರಲೇಬೇಕು. ಸಂಜೆಯಾದ ಮೇಲೆ ಜಿಪ್ ತೆರೆದಿಡಬೇಡಿ. ಚಪ್ಪಲಿ ಶೂಗಳನ್ನು ಹಾಕುವ ಮೊದಲು ಕೊಡವಿ. ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಮಂತ್ರ ಮದ್ದು ಎಂದು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ಎಲ್ಲ ಚಿಕ್ಕ ಆರೋಗ್ಯ ಕೇಂದ್ರಗಳಲ್ಲೂ ಅದು ಇರುವುದಿಲ್ಲ. ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಕ್ಯಾಂಪಿನವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ಕ್ಯಾಂಪ್ ನಿಮಗಲ್ಲ.

ಬೆಂಕಿ ಮತ್ತು ಇದ್ದಿಲು: ಕ್ಯಾಂಪ್ ಎಂದರೆ ಬಾರ್ಬೆಕ್ಯೂ ಇದ್ದೇ ಇರುತ್ತದೆ. ಹೊರಗೆ ಇರುವವರೆಗೆ ತೊಂದರೆಯಿಲ್ಲ. ಮಳೆ ಹನಿ ಬಿತ್ತೆಂದು, ಚಳಿಯೆಂದು ಕೆಂಡದ ಒಲೆಯನ್ನು ಡೇರೆಯೊಳಗೆ ತಂದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೋಣೆ ಬೆಚ್ಚಗಿರಲೆಂದು ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ತೀರಿಕೊಂಡದ್ದು ಇಂಥ ವಿಷಗಾಳಿಯಿಂದಲೇ. ಮುಚ್ಚಿದ ಜಾಗದಲ್ಲಿ ಕೆಂಡ ಬೇಡವೇ ಬೇಡ.

ಗದ್ದಲ: ಪಕ್ಕದ ಡೇರೆಯಲ್ಲಿ ಯಾರಿರುತ್ತಾರೆ ಎಂಬುದೂ ಮುಖ್ಯ. ಯುವಕರ ಗುಂಪುಗಳಿಗೂ ಸಂಸಾರಸ್ಥರಿಗೂ ಬೇರೆ ಬೇರೆ ಜಾಗ ಇಟ್ಟಿದ್ದಾರೆಯೇ, ಮದ್ಯಕ್ಕೆ ಏನು ನಿಯಮ ಎಂದು ನೇರವಾಗಿ ಕೇಳಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಅದನ್ನು ಪಾಲಿಸುತ್ತೇವೆ ಎನ್ನುವ ಕ್ಯಾಂಪಿನಲ್ಲಿ ಮಕ್ಕಳು ನಿದ್ದೆ ಮಾಡಿಯಾರು.

ಮೇ ತಿಂಗಳ ಗಾಳಿ

ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆದರೆ ಮಳೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. 2025ರಲ್ಲಿ ಅದು ಮೇ 26ಕ್ಕೇ ಬಂದುಬಿಟ್ಟಿತು. ಅದಕ್ಕೂ ಮೊದಲು ಬರುವ ಗಾಳಿ-ಗುಡುಗು ಇನ್ನೂ ಮೋಸದ್ದು. 2024ರ ಮೇ 13ರ ಸಂಜೆ ಎದ್ದ ಧೂಳು ಬಿರುಗಾಳಿಗೆ ಘಾಟ್ಕೋಪರಿನಲ್ಲಿ ದೈತ್ಯ ಜಾಹೀರಾತು ಫಲಕ ಪೆಟ್ರೋಲ್ ಪಂಪಿನ ಮೇಲೆ ಉರುಳಿ 17 ಮಂದಿ ಸತ್ತರು. ಅಂಥ ಗಾಳಿ ಬಯಲಿನ ಡೇರೆಗೆ ಬಡಿದರೆ ಏನಾದೀತೆಂದು ಯೋಚಿಸಿ.

ಆದ್ದರಿಂದ ಮೇ ಎರಡನೇ ವಾರದ ನಂತರ ಹೋಗುವುದಾದರೆ ಓಡಿ ಸೇರಿಕೊಳ್ಳಲು ಹತ್ತಿರದಲ್ಲಿ ಗಟ್ಟಿ ಕಟ್ಟಡವಿರುವ ಕ್ಯಾಂಪನ್ನೇ ಆರಿಸಿ. ಗುಡುಗು ಕೇಳಿದ ಕೂಡಲೇ ಡೇರೆ, ಒಂಟಿ ಮರ, ನೀರಿನ ಅಂಚು ಬಿಟ್ಟು ಕಟ್ಟಡದೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಹೋಗಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಉಚಿತವಾಗಿ ಸಿಗುತ್ತದೆ. ಹೊರಡುವ ದಿನ ಹವಾಮಾನ ಇಲಾಖೆ ನಿಮ್ಮ ಊರಿಗಲ್ಲ, ಹೋಗುವ ಜಿಲ್ಲೆಗೆ ಏನು ಎಚ್ಚರಿಕೆ ಕೊಟ್ಟಿದೆ ನೋಡಿ. ಕಿತ್ತಳೆ ಬಣ್ಣದ ಎಚ್ಚರಿಕೆ ಇದ್ದರೆ ಕಟ್ಟಿದ ಮುಂಗಡ ಹೋದರೂ ಸರಿ, ಪ್ರವಾಸ ಮುಂದೂಡಿ.

ಯಾರಿಗೆ ಯಾವ ಜಾಗ?

ಮೊದಲ ಬಾರಿ ಹೋಗುವವರು, ಅಜ್ಜ ಅಜ್ಜಿ ಜೊತೆಗಿರುವವರು: ಮಾಥೇರಾನ್. ಇಲ್ಲಿ ಡೇರೆಗಿಂತ ಕೋಣೆಗಳೇ ಹೆಚ್ಚು. ಆದರೆ ಕಾಡಿನ ನೆರಳು, ಕೆಂಪು ಮಣ್ಣಿನ ದಾರಿ, ಮೋಟಾರು ವಾಹನಗಳಿಗೆ ನಿಷೇಧ ಇರುವುದರಿಂದ ಮಕ್ಕಳು ನಿರ್ಭಯವಾಗಿ ಓಡಾಡಬಹುದು. ನೇರಳ್‌ವರೆಗೆ ಲೋಕಲ್ ರೈಲು, ಅಲ್ಲಿಂದ 1907ರಲ್ಲಿ ಆರಂಭವಾದ ಪುಟಾಣಿ ರೈಲು ಅಥವಾ ದಸ್ತುರಿ ನಾಕಾವರೆಗೆ ಟ್ಯಾಕ್ಸಿ. ದಸ್ತುರಿಯಿಂದ ಮುಂದೆ ಅಮನ್ ಲಾಜ್‌ನಿಂದ ಷಟಲ್ ರೈಲು, ಇಲ್ಲವೇ ನಡಿಗೆ. ಹಿರಿಯರಿದ್ದರೆ ರೈಲಿನ ಹೊತ್ತು ಮೊದಲೇ ತಿಳಿದುಕೊಳ್ಳಿ. ಮಂಗಗಳ ಕಾಟ ಇದೆ, ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ.

ಶಾಲೆ ಮಕ್ಕಳಿರುವವರು, ಡೇರೆಯೇ ಬೇಕೆನ್ನುವವರು: ಪವನಾ. ಲೋಹಗಡ, ತಿಕೋನಾ, ತುಂಗ ಕೋಟೆಗಳ ನಡುವಿನ ಜಲಾಶಯ, ಮುಂಬಯಿಯಿಂದ ಸುಮಾರು 120 ಕಿಲೋಮೀಟರು. ಕ್ಯಾಂಪುಗಳು ಅತಿ ಹೆಚ್ಚು ಇರುವುದೂ ಇಲ್ಲೇ, ಗದ್ದಲ ಹೆಚ್ಚು ಇರುವುದೂ ಇಲ್ಲೇ. ಆದ್ದರಿಂದ ಮೇಲಿನ ಪ್ರಶ್ನೆಗಳನ್ನೆಲ್ಲ ಇಲ್ಲಿ ತಪ್ಪದೆ ಕೇಳಿ. ನೀರಿನಂಚು ಬಿಟ್ಟು ಹಳ್ಳಿಯ ಕಡೆಗಿರುವ ತೋಟದ ಕ್ಯಾಂಪುಗಳು ಮನೆಮಂದಿಗೆ ಹೆಚ್ಚು ಒಗ್ಗುತ್ತವೆ.

ನಕ್ಷತ್ರ ನೋಡುವ ಆಸೆಯವರು: ಭಂಡಾರದರಾ. 1926ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟು, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ (1,646 ಮೀಟರು), ರತನವಾಡಿಯ ಅಮೃತೇಶ್ವರ ದೇವಾಲಯ, ಎಲ್ಲವೂ ಇಲ್ಲಿವೆ. ನಗರದ ಬೆಳಕು ದೂರವಿರುವುದರಿಂದ ಅಮಾವಾಸ್ಯೆಯ ಸುಮಾರಿಗೆ ಆಕಾಶ ತುಂಬಿರುತ್ತದೆ. 2025ರ ಜೂನಿನಲ್ಲಿ ಸಮೃದ್ಧಿ ಹೆದ್ದಾರಿಯ ಕೊನೆಯ ತುಂಡು ತೆರೆದ ಮೇಲೆ ಭಿವಂಡಿ ಕಡೆಯಿಂದ ಇಗತ್‌ಪುರಿವರೆಗಿನ ದಾರಿ ಸಲೀಸಾಗಿದೆ. ಆದರೂ ದೂರ ಹೆಚ್ಚು, ತೀರ ಚಿಕ್ಕ ಮಕ್ಕಳಿಗೆ ಒಂದೇ ರಾತ್ರಿಗಾಗಿ ಇಷ್ಟು ಪ್ರಯಾಣ ಆಯಾಸ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಇಲ್ಲಿ ಮಿಂಚುಹುಳುಗಳ ಹಬ್ಬ, ಮರಾಠಿಯಲ್ಲಿ ‘ಕಾಜವಾ’. ಮರವಿಡೀ ಒಟ್ಟಿಗೆ ಮಿನುಗುವುದು ನೋಡಬೇಕಾದ್ದೇ. ಆದರೆ ವಾರಾಂತ್ಯದಲ್ಲಿ ಜನಜಾತ್ರೆ. ಸಾಧ್ಯವಾದರೆ ವಾರದ ನಡುವೆ ಹೋಗಿ. ಟಾರ್ಚು, ಕ್ಯಾಮೆರಾ ಫ್ಲಾಶ್ ಬೇಡ, ಆ ಬೆಳಕು ಅವುಗಳ ಕೂಡುವ ಸಂಜ್ಞೆ. ನಮ್ಮ ಬೆಳಕು ಅದನ್ನು ಕೆಡಿಸುತ್ತದೆ. ಇದು ವನ್ಯಧಾಮದ ಪ್ರದೇಶ, ಅರಣ್ಯ ಇಲಾಖೆಯ ನಿಯಮಗಳನ್ನು ಪಾಲಿಸಿ.

ಹದಿಹರೆಯದವರಿರುವ ಮನೆಗಳು: ಕೋಲಾಡ್. ರಾಫ್ಟಿಂಗ್ ಬೆಳಿಗ್ಗೆಯೇ ಮುಗಿಯುವುದರಿಂದ ಮಧ್ಯಾಹ್ನದ ಬಿಸಿಲನ್ನು ನೆರಳಿನಲ್ಲಿ ಕಳೆಯಬಹುದು. ಸೆಕೆಗೆ ಸಿದ್ಧರಾಗಿ, ಮೇ ತಿಂಗಳಿಗಿಂತ ಮಾರ್ಚ್ ಮೊದಲ ವಾರಗಳು ಮೇಲು.

ಕಡಲು ಬೇಕೆನ್ನುವವರು: ಅಲಿಬಾಗ್, ನಾಗಾಂವ್ ಕಡೆಯ ತೆಂಗು ಅಡಿಕೆ ತೋಟಗಳ ನಡುವಿನ ಡೇರೆಗಳು. ಊರಿನ ನೆನಪು ತರುವ ನೆರಳು ಅಲ್ಲಿದೆ. 2020ರಿಂದ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಕಾರನ್ನೂ ಹೊತ್ತೊಯ್ಯುವ ರೋರೋ ಹಡಗು ಇದೆ. ಸುಮಾರು ಒಂದು ಗಂಟೆಯ ಪ್ರಯಾಣವೇ ಮಕ್ಕಳಿಗೆ ಅರ್ಧ ಪ್ರವಾಸ.

ಡೇರೆಯ ಬಗ್ಗೆ ಅನುಮಾನವಿರುವವರು: ಕೃಷಿ ಪ್ರವಾಸ ಕೇಂದ್ರಗಳು. ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸ ನೀತಿಯನ್ನೂ, 2021ರಲ್ಲಿ ಸಾಹಸ ಪ್ರವಾಸ ನೀತಿಯನ್ನೂ ತಂದು ನೋಂದಣಿಗೆ ವ್ಯವಸ್ಥೆ ಮಾಡಿದೆ. ತೋಟದ ಮನೆಯಲ್ಲಿ ಹಿರಿಯರು, ಅಂಗಳದ ಡೇರೆಯಲ್ಲಿ ಮಕ್ಕಳು, ನಡುವೆ ಹತ್ತು ಹೆಜ್ಜೆ. ಮೊದಲ ಬಾರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಇಲ್ಲ. ಎಲ್ಲಿಗೇ ಹೋದರೂ ‘ಪ್ರವಾಸ ಇಲಾಖೆಯಲ್ಲಿ ನೋಂದಣಿ ಆಗಿದೆಯೇ?’ ಎಂದು ಕೇಳಿ.

ಊರಿಗೆ ಹೋಗುವವರು ದಾರಿಯಲ್ಲೇ ಒಂದು ರಾತ್ರಿ ಕಳೆಯಬಹುದು. ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಗೆ ಕಾರವಾರದ ದೇವಬಾಗ್‌ನಲ್ಲೂ ದಾಂಡೇಲಿಯಲ್ಲೂ ಬಿಡಾರಗಳಿವೆ.

ಎಲ್ಲಿಗೂ ಹೋಗುವ ಮೊದಲು ಒಂದು ಶನಿವಾರ ಪೂರ್ವಾಭ್ಯಾಸ ಮಾಡಿದರೆ ಮತ್ತೂ ಒಳ್ಳೆಯದು. ಬೆಳಿಗ್ಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ನಡಿಗೆ, ರಾತ್ರಿ ಸೊಸೈಟಿಯ ಅನುಮತಿ ಪಡೆದು ಟೆರೇಸಿನಲ್ಲಿ ಸೊಳ್ಳೆಪರದೆ ಕಟ್ಟಿ ನಿದ್ದೆ. ಯಾರು ಕತ್ತಲೆಗೆ ಅಂಜುತ್ತಾರೆ, ಯಾರಿಗೆ ನೆಲದ ಮೇಲೆ ಸೊಂಟ ಹಿಡಿಯುತ್ತದೆ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಮುಂಗಡ ಕಟ್ಟುವ ಮುನ್ನ ಫೋನಿನಲ್ಲಿ ಕೇಳಿ

1. ಮಧ್ಯಾಹ್ನ ಕೂರಲು ಮರದ ನೆರಳು ಅಥವಾ ಚಪ್ಪರ ಇದೆಯೇ?
2. ನಮ್ಮ ಡೇರೆಯಿಂದ ನೀರು ಎಷ್ಟು ಹೆಜ್ಜೆ ದೂರ? ನಡುವೆ ಬೇಲಿ ಇದೆಯೇ?
3. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ?
4. ಶೌಚಾಲಯ ಎಷ್ಟು, ಎಷ್ಟು ದೂರ, ರಾತ್ರಿಯಿಡೀ ದೀಪ ಇರುತ್ತದೆಯೇ?
5. ಡೇರೆಗೆ ಹೊಲಿದ ತಳ ಮತ್ತು ಪೂರ್ತಿ ಜಿಪ್ ಇದೆಯೇ? ಹಿರಿಯರಿಗೆ ಮಂಚ ಸಿಗುತ್ತದೆಯೇ?
6. ಹಾವು, ಚೇಳಿಗೆ ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆ ಯಾವುದು? ರಾತ್ರಿ ವಾಹನ ಇರುತ್ತದೆಯೇ?
7. ಗಾಳಿ ಮಳೆ ಬಂದರೆ ಸೇರಲು ಕಟ್ಟಡ ಇದೆಯೇ?
8. ಸಂಸಾರಸ್ಥರಿಗೆ ಬೇರೆ ಜಾಗವೇ? ಹತ್ತರ ನಂತರ ಹಾಡು ನಿಲ್ಲುತ್ತದೆಯೇ?
9. ಸಸ್ಯಾಹಾರಕ್ಕೆ ಬೇರೆ ಒಲೆ ಇದೆಯೇ? ಮಕ್ಕಳಿಗೆ ಎಂಟರೊಳಗೆ ಊಟ ಸಿಗುತ್ತದೆಯೇ?
10. ಹವಾಮಾನದಿಂದ ರದ್ದಾದರೆ ಹಣ ವಾಪಸೇ, ಬೇರೆ ದಿನವೇ?

ಉತ್ತರಗಳನ್ನು ಸಂದೇಶದ ಮೂಲಕ ಬರೆದು ಕಳಿಸಲು ಹೇಳಿ. ಒಳ್ಳೆಯ ಕ್ಯಾಂಪಿನವರು ಇಷ್ಟು ಪ್ರಶ್ನೆಗೆ ಸಿಡುಕುವುದಿಲ್ಲ. ‘ನೀವು ಬನ್ನಿ ಸಾಹೇಬ್ರೆ, ಎಲ್ಲ ಆಗುತ್ತೆ’ ಎನ್ನುವುದು ಉತ್ತರವಲ್ಲ.

ಚೀಲದಲ್ಲಿ ಏನಿರಲಿ

ತಲೆಗೊಂದು ಟಾರ್ಚು, ತುಂಬುತೋಳಿನ ಹತ್ತಿ ಬಟ್ಟೆ, ಮುಚ್ಚಿದ ಶೂ, ಟೊಪ್ಪಿ, ಸೊಳ್ಳೆ ಮುಲಾಮು, ಓಆರ್‌ಎಸ್ ಪೊಟ್ಟಣ, ಮನೆಯವರ ನಿತ್ಯದ ಮಾತ್ರೆಗಳು, ತಲೆಗೆ ಮೂರು ನಾಲ್ಕು ಲೀಟರು ಕುಡಿಯುವ ನೀರು. ಒಂದು ಡಬ್ಬಿ ಚಟ್ನಿಪುಡಿ, ಚಪಾತಿ, ಕೋಡುಬಳೆ ಇದ್ದರೆ ಊಟ ತಡವಾದರೂ ಮಕ್ಕಳು ಅಳುವುದಿಲ್ಲ. ಪುನರ್ಪುಳಿ ಶರಬತ್ತು, ಉಪ್ಪು ಹಾಕಿದ ಮಜ್ಜಿಗೆ ಬಿಸಿಲಿಗೆ ಬಣ್ಣದ ಪಾನೀಯಗಳಿಗಿಂತ ಮೇಲು. ದಾರಿಯಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಮಾರುವ ‘ಕರವಂದ’ ನಮ್ಮೂರ ಕರಂಡೆಯೇ. ಕೊಂಡು ಮಕ್ಕಳಿಗೆ ತಿನ್ನಿಸಿ, ಎರಡು ನಾಡಿನ ನಂಟು ಅವರ ನಾಲಿಗೆಗೂ ತಿಳಿಯಲಿ.

108 ಮಹಾರಾಷ್ಟ್ರದಲ್ಲಿ ಉಚಿತ ಅಂಬುಲೆನ್ಸಿನ ಸಂಖ್ಯೆ, 112 ಎಲ್ಲ ತುರ್ತಿಗೂ. ಘಟ್ಟದ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ. ಕ್ಯಾಂಪಿನಲ್ಲಿ ಎಲ್ಲಿ ನಿಂತರೆ ಸಿಗುತ್ತದೆಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಕ್ಯಾಂಪಿನ ಹೆಸರು, ಹಳ್ಳಿಯ ಹೆಸರನ್ನು ಮುಂಬಯಿಯಲ್ಲಿರುವ ಒಬ್ಬ ನೆಂಟರಿಗೆ ತಿಳಿಸಿ ಹೊರಡಿ. ಹೊರಡುವಾಗ ತಂದ ಕಸವನ್ನೆಲ್ಲ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ನಾವು ಒಂದು ರಾತ್ರಿ ಇದ್ದು ಬರುವ ಜಾಗ ಇನ್ನೊಬ್ಬರ ಊರು.

ಇಷ್ಟೆಲ್ಲ ಓದಿ ಗಾಬರಿಯಾಗಬೇಡಿ. ಕೇಳಬೇಕಾದ್ದನ್ನು ಹೊರಡುವ ಮೊದಲೇ ಕೇಳಿದರೆ, ಅಲ್ಲಿ ಹೋದ ಮೇಲೆ ಚಿಂತೆಗೆ ಕೆಲಸವಿಲ್ಲ. ಆಗ ಕತೆ ಹೇಳಲು ಅಜ್ಜಿಗೆ ಪುರುಸೊತ್ತು, ಕೇಳಲು ಮಕ್ಕಳಿಗೆ ಪುರುಸೊತ್ತು. ಈ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲೂ ಅಂಥ ಒಂದು ರಾತ್ರಿ ಕೂಡಿಬರಲಿ. ಶುಭ ಪ್ರಯಾಣ.